ನಾಲ್ಕನೇ ನುಡಿಯ ಧಾಟಿ

"ನಮ್ಮ ಹಾಡಿಗಿ ಎರಡ ಮಾರ್ಕ್ಸ್ ಕೊಟ್ಟ ಮೇಡಂ ನೀವ ಏನ್ರಿ?"

ನೌಬಾದದ ಶಾಲೆಯ ಗೇಟಿನ ಬಳಿ ನಿಂತಿದ್ದವನ ದನಿಯಲ್ಲಿ ಸಿಟ್ಟಿತ್ತು. ಕಣ್ಣು ಮಾತ್ರ ನಗುತ್ತಿತ್ತು. ಹೆಪ್ಸಿಬಾ ಚೀಲವನ್ನು ಎದೆಗವಚಿಕೊಂಡು ನಿಂತುಬಿಟ್ಟಳು.

ಶಾಲೆಯಲ್ಲಿ ಆಕೆ ವಿಜ್ಞಾನದ ಟೀಚರ್. ಶುಕ್ರವಾರ ಸಂಜೆ ಮಾತ್ರ ಬೇರೆಯೇ ಹೆಣ್ಣು. ಆ ವಾರ ಬಿಡುಗಡೆಯಾದ ಹಾಡುಗಳನ್ನೆಲ್ಲ ಕೇಳಿ, ಮೊಬೈಲಿನ ಎದುರು ಕೂತು ವಿಡಿಯೋ ಮಾಡಿ, ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸ್ ಹಾಕುತ್ತಿದ್ದಳು. ಸಿನಿಮಾ ಹಾಡು, ಕವ್ವಾಲಿ, ಮರಾಠಿ ಲಾವಣಿ, ದಖನಿ ರ‍್ಯಾಪ್... ಯಾವುದಕ್ಕೂ ದಯೆಯಿಲ್ಲ. ದೊಡ್ಡ ಸಿನಿಮಾದ ವಿರಹಗೀತೆಗೆ "ಹೀರೋ ಅಳಲತ್ತಾನ, ಹಾಡು ಮಾತ್ರ ಮಷೀನ್ ಹಾಡಲತ್ತಾದ" ಎಂದು ಮೂರು ಕೊಟ್ಟಿದ್ದಳು. ಬೀದರಿನ ಗಲ್ಲಿಯ ರುಖ್ಸಾರಳ ರ‍್ಯಾಪಿಗೆ ಒಂಬತ್ತು. ತನ್ನದೇ ಚರ್ಚಿನವರ ಕ್ರಿಸ್ಮಸ್ ಆಲ್ಬಮ್ಮಿಗೆ ನಾಲ್ಕು ಕೊಟ್ಟ ಮೇಲೆ, ಎರಡು ಭಾನುವಾರ ಬೆಂಚಿನಲ್ಲಿ ಆಕೆಯ ಪಕ್ಕ ಯಾರೂ ಕೂಡಲಿಲ್ಲ.

ಗೇಟಿನ ಬಳಿ ಬಂದಿದ್ದವನು ಸಾರಂಗ. ಭಾಲ್ಕಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡಿದ್ದ. ಆಕೆ ಎರಡು ಮಾರ್ಕ್ಸ್ ಕೊಟ್ಟಿದ್ದು ಅವನ ಮದುವೆ ಮೆರವಣಿಗೆಯ ಹಾಡಿಗೆ.

"ನೀವು ಕಿವ್ಯಾಗ ಇಯರ್‌ಫೋನ್ ಹಾಕ್ಕೊಂಡು ಕೇಳೀರಿ. ಮದುವಿ ಹಾಡ ಕಾಲಿಲಿಂದ ಕೇಳಬೇಕ್ರಿ."

ಮುಂದಿನ ಭಾನುವಾರ ಭಾಲ್ಕಿಯ ಮೆರವಣಿಗೆಯೊಂದರಲ್ಲಿ ಆ ಹಾಡು ಮೊಳಗಿದಾಗ ಹೆಪ್ಸಿಬಾಳ ಕಾಲು ಅವಳ ಮಾತು ಕೇಳಲಿಲ್ಲ. ಶುಕ್ರವಾರ ಮೊಬೈಲಿನ ಮುಂದೆ ಕೂತು, ತಾನು ತಪ್ಪಿದೆ ಎಂದು ಹೇಳಿ ಏಳು ಕೊಟ್ಟಳು. ಕೊಟ್ಟ ಮಾರ್ಕ್ಸ್ ತಿದ್ದಿದ್ದು ಅದೇ ಮೊದಲು.

ಆಮೇಲೆ ಎಷ್ಟು ಶುಕ್ರವಾರಗಳು... ಶಾಲೆ ಬಿಟ್ಟು ಭಾಲ್ಕಿ ಬಸ್ ಹಿಡಿದು, ಆ ಕೋಣೆಯಲ್ಲಿ ಕೂತು ಹೊಸ ಹಾಡುಗಳಿಗಾಗಿ ಜಗಳವಾಡುವುದು. ಯಾವಾಗಲೋ ಅವರ ಮಾತಿನಿಂದ 'ರಿ' ಉದುರಿಹೋಯಿತು. ಮೇಡಂ ಹೋಗಿ ಹೆಪ್ಸಿ ಉಳಿಯಿತು. ಪ್ರೀತಿ ಎಂಬ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಅವಸರವೇನಿದೆ ಅಂದುಕೊಂಡರು.

ಒಂದು ದಿನ ಅವನು, ತನ್ನದೇ ಹಾಡೊಂದು ತಯಾರಾಗುತ್ತಿದೆ ಎಂದ. ಕೇಳಿಸು ಎಂದು ಗೋಗರೆದರೂ ಒಪ್ಪಲಿಲ್ಲ.

"ಎಲ್ಲಾರ ಜೋಡಿ ಶುಕ್ರವಾರಕ್ಕೇ ಕೇಳು. ಪಹಿಲೇ ಕೇಳ್ಸಿದ್ರ ನಿನ್ನ ಮಾರ್ಕ್ಸಿಗಿ ಕಿಮ್ಮತ್ತ ಇರಂಗಿಲ್ಲ, ಹೆಪ್ಸಿ."

ಡಿಸೆಂಬರಿನಲ್ಲಿ ಹಾಡು ಬಂತು. ಬೀಸುವ ಕಲ್ಲಿನ ಸದ್ದು, ಅದರ ಮೇಲೆ ಅವನ ದನಿ.

'ಕಲ್ಲವ್ವ, ನಿನ್ನ ಬಾಯಿಗಿ ಜ್ವಾಳ, ನನ್ನ ಬಾಯಿಗಿ ಹಾಡ...'

ಮೊದಲ ಸಾಲಿಗೇ ಹೆಪ್ಸಿಬಾ ತಾನೂ ಗುನುಗತೊಡಗಿ, ತಟ್ಟನೆ ನಿಲ್ಲಿಸಿದಳು. ಈ ಧಾಟಿ ಆಕೆಗೆ ಗೊತ್ತು. ಸಂಡೇ ಸ್ಕೂಲಿನಿಂದ ಹಾಡುತ್ತ ಬಂದ ಸ್ತೋತ್ರ. ಚರ್ಚಿನ ಹಳೆಯ ಹಾಡಿನ ಪುಸ್ತಕದಲ್ಲಿ ಅಚ್ಚಾಗಿದೆ. 'ಸಾರಂಗ... ಇದನ್ನ ಎತ್ತಿಕೊಂಡು ತನ್ನದು ಅಂದನೇ?'

ಫೋನು ಕೈಯಲ್ಲೇ ಇತ್ತು. ಅವನ ನಂಬರು ಒಮ್ಮೆ ಒತ್ತಿ ಕೇಳಿದ್ದರೆ ಸಾಕಿತ್ತು.

ಆದರೆ ಆಗಲೇ ಹಾಡಿನ ಕೆಳಗೆ ಜನ ಬರೆಯತೊಡಗಿದ್ದರು: ಗೆಳೆಯನ ಹಾಡು, ಹತ್ತಕ್ಕೆ ಹತ್ತು ಗ್ಯಾರಂಟಿ. ಆ ಕೊಂಕು ಆಕೆಯನ್ನು ಚುಚ್ಚಿತು. ತನ್ನ ಪ್ರಾಮಾಣಿಕತೆಗೆ ಕಲೆ ಹತ್ತಬಾರದೆಂದು, ಪ್ರೀತಿಸಿದವನ ಮೇಲೆಯೇ ಕೈ ಎತ್ತಿದಳು. ಪುಸ್ತಕದ ಪುಟ ತೆರೆದು ತೋರಿಸಿದಳು. ಕದ್ದ ಧಾಟಿ ಎಂದಳು. ಸೊನ್ನೆ.

ಮೂರೇ ದಿನದಲ್ಲಿ ಅವನು ಹಾಡನ್ನು ತೆಗೆದುಹಾಕಿದ. ಅದಕ್ಕೂ ಮೊದಲು ಒಂದೇ ಒಂದು ಸಂದೇಶ ಬಂದಿತ್ತು.

'ಒಂದ ಮಾತ ನನಗ ಕೇಳಬೇಕಿತ್ರಿ, ಮೇಡಂ.'

ಉದುರಿಹೋಗಿದ್ದ 'ರಿ' ಮರಳಿ ಬಂದು ಅಲ್ಲಿ ಕೂತಿತ್ತು. ಆಕೆಗೆ ಅಳು ತರಿಸಿದ್ದು ಅದೇ. ಆದರೂ ಸೆಟೆದು ಕೂತಳು. 'ತಪ್ಪಿಲ್ಲದವನಾಗಿದ್ದರೆ ಜಗಳಕ್ಕೆ ಬರುತ್ತಿದ್ದ. ಗೇಟಿಗೆ ಬಂದಿದ್ದನಲ್ಲ, ಎರಡು ಮಾರ್ಕ್ಸಿಗೆ!'

ಅಚ್ಚಾದದ್ದಕ್ಕೆ ಒಡೆಯನಿದ್ದಾನೆ, ಬಾಯಲ್ಲಿರುವುದು ಬಿಟ್ಟಿ ಬಿದ್ದದ್ದು. ಈ ನಾಡು ಓದಿದವರಿಗೆ ಕಲಿಸುವ ಮೊದಲ ಪಾಠ ಇದು. ಹೆಪ್ಸಿಬಾ ಅದನ್ನು ಚೆನ್ನಾಗಿಯೇ ಕಲಿತಿದ್ದಳು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಮೊಬೈಲಿನಲ್ಲಿ ಉಳಿದಿದ್ದ ಆ ಹಾಡನ್ನು ಕೇಳುತ್ತ ಕೂತಿದ್ದಳು. ಒಳಗಿನಿಂದ ಅಜ್ಜಿ ಎಡಿತ ಗೋಡೆ ಹಿಡಿದು ಬಂದರು. ನಾಲ್ವತ್ತು ವರ್ಷ ನರ್ಸ್ ಆಗಿದ್ದ ಜೀವ, ಈಗ ಎಂಬತ್ತನಾಲ್ಕು.

"ಯಾರ ಹಾಡ್ಲತ್ತಾರ ಇದು? ನಮ್ಮವ್ವನ ಬೀಸೋ ಹಾಡ ಇವಗ ಹ್ಯಾಂಗ ಸಿಕ್ಕಿತು?"

"ಬೀಸೋ ಹಾಡಲ್ಲಜ್ಜಿ, ನಮ್ಮ ಚರ್ಚಿನ ಸ್ತೋತ್ರ ಅದು."

ಎಡಿತ ನಕ್ಕರು. ಅವರ ಅವ್ವ ಔರಾದ ಕಡೆಯ ಹಳ್ಳಿಯವಳು. ಚರ್ಚಿಗೆ ಸೇರಿದ ಹೊಸದರಲ್ಲಿ ಪರದೇಶದ ರಾಗಗಳು ಆ ಹೆಂಗಸರ ನಾಲಿಗೆಗೆ ಒಗ್ಗಲಿಲ್ಲವಂತೆ. ನಿಮ್ಮ ಧಾಟಿಯಲ್ಲೇ ಹಾಡಿರಿ ಎಂದರಂತೆ ಪಾದ್ರಿಗಳು. ಅವ್ವ ಬೀಸುವಾಗ ಹಾಡುತ್ತಿದ್ದುದನ್ನೇ ಒಯ್ದಳು. ಕಲ್ಲವ್ವನ ಹೆಸರಿದ್ದಲ್ಲಿ ಯೇಸುವಿನ ಹೆಸರು ಬಂತು. ಆಮೇಲೆ ಯಾರೋ ಪುಸ್ತಕಕ್ಕೆ ಹಾಕಿದರು. ಅವ್ವನ ಹೆಸರನ್ನು ಯಾರೂ ಬರೆಯಲಿಲ್ಲ.

"ಕದ್ದೀವಿ ಅಂದ್ರ ನಾವ ಕದ್ದೀವಿ, ತಂಗಿ. ಮೊದಲ ನನಗರ ಯಾಕ ಕೇಳ್ಲಿಲ್ಲ?"

ಹೆಪ್ಸಿಬಾ ಹಾಡನ್ನು ನಿಲ್ಲಿಸಿದಳು. ಯಾರನ್ನೂ ಕೇಳಿರಲಿಲ್ಲ ಆಕೆ...

ಆ ಶುಕ್ರವಾರ ಆಕೆ ಹೊಸ ಹಾಡುಗಳನ್ನು ಮುಟ್ಟಲಿಲ್ಲ. ಮೊಬೈಲಿನ ಮುಂದೆ ಅಜ್ಜಿಯನ್ನು ಕೂಡಿಸಿ ನಡೆದದ್ದೆಲ್ಲ ಹೇಳಿಸಿದಳು. ಸಾರಂಗ ಕಳ್ಳನಲ್ಲ ಎಂದಳು. ಆ ಸೊನ್ನೆ ತನ್ನದು, ಇನ್ನು ಯಾರ ಹಾಡಿಗೂ ಮಾರ್ಕ್ಸ್ ಹಾಕುವುದಿಲ್ಲ ಎಂದಳು. ಮರುದಿನ ಹೋದರೆ ಭಾಲ್ಕಿಯ ಕೋಣೆಗೆ ಬೀಗವಿತ್ತು. ಊರಿಗೆ ಹೋಗಿದ್ದಾನೆ ಎಂದು ಪಕ್ಕದ ಅಂಗಡಿಯ ಏಕನಾಥ ಹೇಳಿದ. ಭಾನುವಾರ ಔರಾದದಲ್ಲಿ ಬಸ್ ಬದಲಿಸಿ ಅವನ ಊರು ಠಾಣಾ ಕುಶನೂರಿನಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು.

ಅಂಗಳದಲ್ಲಿ ಬೀಸುವ ಕಲ್ಲಿನ ಪಕ್ಕ ಸಾರಂಗ ಕೂತಿದ್ದ. ಬೋಳಿಸಿದ ತಲೆಯಲ್ಲಿ ಆಗಷ್ಟೇ ಕೂದಲು ಚಿಗುರಿತ್ತು.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಆಯಿ ಹೋಗಿ ಇಪ್ಪತ್ತ ದಿನ ಆಯ್ತ್ರಿ" ಎಂದ.

ತನ್ನ ಅಜ್ಜಿ ಅಂಬೂಬಾಯಿಯನ್ನು ಅವನು ಆಯಿ ಎನ್ನುತ್ತಿದ್ದ. ಅವನನ್ನು ಸಾಕಿದವಳು, ಆ ಹಾಡನ್ನು ಕೊಟ್ಟವಳು. ಹಾಡಿನ ಮೊದಲ ಮೂರು ನುಡಿಗಳನ್ನು ಅವನು ಹಾಡಿದ್ದ. ನಾಲ್ಕನೆಯದನ್ನು ತಾನೇ ಭಾಲ್ಕಿಗೆ ಬಂದು ಹಾಡುತ್ತೇನೆ ಎಂದು ಆಯಿ ಹೊಸ ಸೀರೆ ತೆಗೆದಿಟ್ಟಿದ್ದಳಂತೆ. ಊರಿನವರು ಮೊಮ್ಮಗನನ್ನು ಕಳ್ಳ ಅಂದ ದಿನ, ನನ್ನ ಹಾಡಿನಿಂದ ನಿನಗೆ ಆ ಹೆಸರು ಬೇಡ ಎಂದಳು. ಮತ್ತೆ ಬಾಯಿ ತೆರೆದು ಹಾಡಲಿಲ್ಲ. ನಾಲ್ಕನೇ ನುಡಿ ಆಯಿಯ ಜೊತೆಗೇ ಹೋಯಿತು.

"ನಂಗ ಯಾಕ ಹೇಳ್ಲಿಲ್ಲ, ಸಾರಂಗ? ಬಂದು ಜಗಳರ ಮಾಡಬೇಕಿತ್ತು."

"ಸಾಕ್ಷಿ ಎಲ್ಲಿಂದ ತರಲಿ? ನಿಮ್ಮ ಬಲ್ಲಿ ಪುಸ್ತಕ ಇತ್ತು. ಆಕಿ ಬಲ್ಲಿ ಬರೇ ಬಾಯಿ ಇತ್ರಿ."

ಹೆಪ್ಸಿಬಾ ಅಲ್ಲೇ ನೆಲದ ಮೇಲೆ ಕೂತಳು. ಕ್ಷಮಿಸು ಎನ್ನುವ ಮಾತು ತೀರ ಹಗುರ ಎನ್ನಿಸಿತು.

"ನಿನ್ನ ಮ್ಯಾಲ ನನಗ ಪ್ರೀತಿ ಇತ್ತು. ಮಂದಿ ಅದನ್ನ ಕಂಡು ನಕ್ಕಾರಂತ ಹೆದರಿದ್ನಿ. ಅದಕ್ಕ ನಿನಗ ಕೇಳ್ಲಿಲ್ಲ... ಮಾಫಿ ಕೇಳಲತ್ತಿಲ್ಲ. ಖರೇ ಹೇಳಲತ್ತೇನಿ, ಅಷ್ಟೇ."

ಅವನು ಕಲ್ಲನ್ನೇ ನೋಡುತ್ತಿದ್ದ. ನಾಲ್ಕನೇ ನುಡಿಯಲ್ಲಿ ಧಾಟಿ ಬೇರೆ ಇತ್ತು, ಎಲ್ಲೋ ಮೇಲಕ್ಕೆ ಏರುತ್ತಿತ್ತು, ಎಷ್ಟು ನೆನೆದರೂ ಸಿಗುತ್ತಿಲ್ಲ ಎಂದ.

ಹೆಪ್ಸಿಬಾ ತಲೆ ಎತ್ತಿದಳು. ಚರ್ಚಿನ ಸ್ತೋತ್ರಕ್ಕೂ ನಾಲ್ಕನೇ ನುಡಿಯಿತ್ತು. ಅಲ್ಲಿಯೂ ಧಾಟಿ ಏರುತ್ತಿತ್ತು. ಯಾಕೆಂದು ಕ್ವಾಯರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪದ ಬಿಟ್ಟು ಬರೀ ಧಾಟಿಯನ್ನು ಹಾಡಿದಳು. ದನಿ ಎರಡು ಕಡೆ ಒಡೆಯಿತು. ಏರುವಲ್ಲಿಗೆ ಬಂದಾಗ ಸಾರಂಗ ಕಣ್ಣು ಮುಚ್ಚಿದ. ರೆಪ್ಪೆಯ ಅಂಚಿನಿಂದ ನೀರು ಇಳಿಯಿತು.

"ಇದೇ... ಆಯಿದು ಇದೇ." ಮುಖ ಒರೆಸಿಕೊಂಡ. "ಓಡ್ಸಲತ್ತಿ, ಹೆಪ್ಸಿ. ಕಲ್ಲು ಇಷ್ಟ ಲಗೂ ತಿರಗಂಗಿಲ್ಲ."

ಹೆಪ್ಸಿ ಎಂದಿದ್ದ. ಅವಳು ಬೀಸುವ ಕಲ್ಲಿನ ಗೂಟ ಹಿಡಿದಳು. ಅವನು ಎದುರು ಕೂತು, ಅವಳ ಕೈಯ ಮೇಲೆ ಕೈಯಿಟ್ಟು ತಿರುಗಿಸಿದ. ಜೋಳವಿಲ್ಲದ ಕಲ್ಲು ಗರಗರ ಎಂದಿತು.

"ನಾಲ್ಕನೇ ನುಡಿ ಪದ ಹೋದವು, ಸಾರಂಗ. ನನ್ನಿಂದ ಹೋದವು."

"ಹೋದವು" ಎಂದ ಅವನು. ಇಲ್ಲ ಎನ್ನಲಿಲ್ಲ.

ಕಲ್ಲು ಒಂದು ಸುತ್ತು ಬಂತು.

"ವಾಪಸ್ ಬಸ್ ಎಷ್ಟಕ್ಕ ಅದ?" ಎಂದು ಕೇಳಿದಳು ಮೆಲ್ಲಗೆ.

"ಐದಕ್ಕ. ಇನ್ನಾ ವ್ಯಾಳ್ಯಾ ಅದ. ಮೊದಲಿನಿಂದ ಹಾಡು."