ಹೊಸ್ತಿಲಿಂದ ಒಂದು ಗೇಣು ಮೇಲೆ

ಗುಳಿಗಳು ಇರಲಿಲ್ಲ.

ಅಮ್ಮ ಹುಲ್ಲಿನಲ್ಲಿ ಮಂಡಿಯೂರಿ ನೀಲಿ ಬಾಗಿಲಿನ ಚೌಕಟ್ಟನ್ನು ಬೆರಳಿನಿಂದ ಸವರುತ್ತಿದ್ದಳು. ಬಲಗಡೆ ಸವರಿದಳು, ಎಡಗಡೆ ಸವರಿದಳು, ಮತ್ತೆ ಬಲಗಡೆಗೆ ಬಂದಳು. ಹುಲ್ಲನ್ನು ಒತ್ತಿ ಹಿಡಿದು ಗೇಣು ಹಾಕಿ ಅಳೆದಳು. ಅಲ್ಲಿ ನುಣ್ಣನೆಯ ಮರ, ಎದ್ದ ಬಣ್ಣದ ಚಕ್ಕೆ. ಬೇರೇನೂ ಇಲ್ಲ.

"ಹೊಸ್ತಿಲಿಂದ ಒಂದು ಗೇಣು ಮೇಲೆ," ಎಂದಳು. "ಇಲ್ಲೇ ಇತ್ತಲ್ವಾ?"

ಕೇಳಿದ್ದು ನನ್ನನ್ನು. ಎಂಟು ವರ್ಷ ಅವಳನ್ನು ಇಲ್ಲಿಗೆ ಕರೆತಂದಿದ್ದೆನಾದರೂ ಪ್ರತಿಸಲವೂ ಟೀ ಅಂಗಡಿಯ ಬೆಂಚಿನಲ್ಲೇ ಕೂತುಬಿಡುತ್ತಿದ್ದೆ. ಆ ಗುಳಿಗಳನ್ನು ಒಮ್ಮೆಯೂ ಹತ್ತಿರದಿಂದ ನೋಡಿದವಳಲ್ಲ.

ಹೆದ್ದಾರಿಯ ಪಕ್ಕದ ಆ ಬಯಲಿನಲ್ಲಿ ನಲವತ್ತೊಂದು ಬಾಗಿಲುಗಳಿವೆ. ಗೋಡೆಯಿಲ್ಲ, ಸೂರಿಲ್ಲ. ರಸ್ತೆ ಅಗಲ ಮಾಡಲು ಕೆಡವಿದ ಮನೆಗಳ ಬಾಗಿಲುಗಳನ್ನು ಒಬ್ಬ ಮುದುಕ ಬಡಗಿ ಚೌಕಟ್ಟಿನ ಸಮೇತ ತಂದು ನಿಲ್ಲಿಸಿದ್ದಾನೆ. ಹೋಗಿಬರುವವರು ಗಾಡಿ ನಿಲ್ಲಿಸುತ್ತಾರೆ, ಬಾಗಿಲು ತಟ್ಟುತ್ತಾರೆ, ಈ ಕಡೆಯಿಂದ ಆ ಕಡೆಗೆ ನುಗ್ಗಿ ನಗುತ್ತಾರೆ. ನನಗೆ ಮಾತ್ರ ಅಲ್ಲಿ ತಲೆ ಗಿರ್ರೆನ್ನುತ್ತದೆ. ನಾಲ್ಕು ಬಾಗಿಲು ದಾಟುವಷ್ಟರಲ್ಲಿ ಒಳಗಿದ್ದೀನೋ ಹೊರಗಿದ್ದೀನೋ ತಿಳಿಯುವುದಿಲ್ಲ.

ಬಾಗಿಲಜ್ಜ ಎಂದೇ ಎಲ್ಲರೂ ಕರೆಯುವ ಆ ಬಡಗಿಗೆ ತನ್ನದೇ ಕಟ್ಟುಪಾಡುಗಳಿದ್ದವು. ಯಾವ ಬಾಗಿಲಿಗೂ ಗರಗಸ ಹಾಕಬಾರದು. ಮನೆಯವರನ್ನು ಕೇಳದೆ ಬಣ್ಣ ಬಳಿಯಬಾರದು. ಹೊಸ್ತಿಲು ನೆಲದ ಮೇಲೇ ಕೂರಬೇಕು. ಮುರಿದ ಬೀಗವನ್ನೂ ಕೀಳಬಾರದು.

ನೀಲಿ ಬಾಗಿಲು ನಮ್ಮ ಮನೆಯದು. ನಾನು ಹುಟ್ಟುವ ಮೊದಲೇ ಹನ್ನೊಂದು ತಿಂಗಳ ಕೂಸಾಗಿ ಜ್ವರದಲ್ಲಿ ತೀರಿಕೊಂಡ ಅಣ್ಣ ಅದರ ಪಕ್ಕ ಕೂತು ಚಮಚದಿಂದ ಚೌಕಟ್ಟನ್ನು ಕುಟ್ಟುತ್ತಿದ್ದನಂತೆ. ಆ ಗುಳಿಗಳನ್ನು ಬಿಟ್ಟರೆ ಅವನದೆಂದು ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ.

ಹೋದ ತಿಂಗಳು ಅಮ್ಮ ಎರಡು ಸಲ ಗ್ಯಾಸ್ ಆರಿಸುವುದನ್ನು ಮರೆತಿದ್ದಳು. ಮರೆವಿನ ಡಾಕ್ಟರ ಹತ್ತಿರ ನಾನು ದಿನ ಗೊತ್ತುಮಾಡಿದ್ದೆ. ಅದು ಅವಳಿಗೂ ಗೊತ್ತಿತ್ತು.

"ಅಕ್ಕಾ," ಎಂದಳು ದೊಡ್ಡಮ್ಮನ ಕಡೆ ತಿರುಗಿ. "ಇದನ್ನೂ ನಾನೇ ತಲೇಲಿ ಕಟ್ಟಿಕೊಂಡೆನಾ? ಹಾಗಾದ್ರೆ ಮಗು ಇದ್ದದ್ದಕ್ಕೆ ಏನು ಗುರುತು ಉಳೀತು?"

ದೊಡ್ಡಮ್ಮ ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ಕಳ್ಳರ ಬೆನ್ನು ಹತ್ತಿದವಳು. ಊರೂರು ವರ್ಗವಾಗಿ ತಿರುಗಿದ್ದರಿಂದ ತಂಗಿಯ ಆ ಮಗುವನ್ನು ಅವಳೂ ಸರಿಯಾಗಿ ಕಂಡಿರಲಿಲ್ಲ. ಇಲ್ಲಿಗೆ ಬಂದದ್ದು ಇದೇ ಮೊದಲು.

"ಮೊದಲು ಎದ್ದು ಟೀ ಕುಡಿ," ಎಂದಳು. "ನಿನ್ನ ತಲೆ ವಿಚಾರ ಆಮೇಲೆ. ಮರದ ವಿಚಾರ ಮೊದಲು."

ಬಯಲಿನ ಕೊನೆಯಲ್ಲಿ ಪೇಂಟರ್ ಒಬ್ಬ ಹಸಿರು ಬಾಗಿಲಿಗೆ ಬ್ರಶ್ ಆಡಿಸುತ್ತಿದ್ದ. ದೊಡ್ಡಮ್ಮ ನೆಟ್ಟಗೆ ಅಲ್ಲಿಗೆ ಹೋದಳು. ನಾನೂ ಹಿಂದೆ ಓಡಿದೆ.

"ಬಣ್ಣ ಬಳಿಯೋ ಮೊದಲು ತೂತು ಮುಚ್ಚೋಕೆ ಏನೋ ಮೆತ್ತುತ್ತೀಯಲ್ಲ—ನೀಲಿ ಬಾಗಿಲಿಗೂ ಮೆತ್ತಿದ್ಯಾ?"

"ಇಲ್ಲಮ್ಮ. ಅದನ್ನ ಮುಟ್ಟೋಕೆ ಅಪ್ಪಣೆನೇ ಇಲ್ಲ. ನೀಲಿ ಬಾಗಿಲಿನ ಟೀಚರಮ್ಮ ಬೈತಾರೆ ಅಂತ ಅಜ್ಜ ಹೇಳಿದ್ದಾರೆ."

ಟೀಚರಮ್ಮ ಎಂದರೆ ನನ್ನ ಅಮ್ಮ. ದೊಡ್ಡಮ್ಮ ವಾಪಸು ಬಂದು ಚೌಕಟ್ಟನ್ನು ಉಗುರಿನಿಂದ ಕೆರೆದಳು. ಹಳೆಯ ಬಣ್ಣ ಪುಡಿಪುಡಿಯಾಗಿ ಉದುರಿತು, ಅಡಿಯಲ್ಲಿ ಒಣಗಿದ ಮರ. ಪೇಂಟರ್ ಹೇಳಿದ್ದು ನಿಜ.

ಹಾಗಾದರೆ ಬಾಗಿಲನ್ನೇ ಯಾರಾದರೂ ಬದಲಾಯಿಸಿದರೇ? ಹಳೆಯ ಮರದ ವ್ಯಾಪಾರಿಯೊಬ್ಬ ವರ್ಷಕ್ಕೆರಡು ಸಲ ಬಂದು ಬಾಗಿಲು ಮಾರಿ ಎಂದು ಗೋಗರೆಯುತ್ತಾನೆಂದು ಟೀ ಅಂಗಡಿ ನಡೆಸುವ ಬಾಗಿಲಜ್ಜನ ಸೊಸೆ ಕೇಳುವ ಮೊದಲೇ ಹೇಳಿದಳು. ಹೇಳುತ್ತಾ ಲೋಟ ತೊಳೆಯುತ್ತಿದ್ದಳು. ಒಂದೇ ಲೋಟವನ್ನು ಎರಡು ಸಲ ತೊಳೆದಳು. ಆದರೆ ಬೀಗದ ತೂತಿನಲ್ಲಿ ಅಪ್ಪ ಮುರಿದ ಬೀಗದ ಕೈಯ ತುಂಡು ಹಾಗೇ ಸಿಕ್ಕಿಕೊಂಡಿತ್ತು. ಅದು ನಮ್ಮದೇ ಬಾಗಿಲು, ನಮ್ಮದೇ ಚೌಕಟ್ಟು.

ಬಾಗಿಲಜ್ಜ ಚಪ್ಪರದ ಕೆಳಗೆ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲಿದ್ದ. ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನ ಆಗಿತ್ತು. ಧೂಳಿಗೆ ಹೋಗಬೇಡಿ ಎಂದು ಡಾಕ್ಟರು ಕಟ್ಟಿಹಾಕಿದ್ದರು.

"ಗುಳಿ ಇತ್ತು ತಾಯಿ," ಎಂದ. "ಬಲಗಡೆ, ಒಂಬತ್ತು. ನಾನೇ ಬೆರಳಲ್ಲಿ ಎಣಿಸಿದ್ದೀನಿ. ಇಲ್ಲ ಅಂದ್ರೆ ಏನರ್ಥ? ಮರ ಏನು ಗಾಯ ಮಾಯಿಸಿಕೊಳ್ಳುತ್ತಾ?"

ಅಮ್ಮನ ಮುಖ ಒಂದು ಕ್ಷಣ ಅರಳಿತು. ನನಗೋ ತಲೆ ಇನ್ನಷ್ಟು ಕೆಟ್ಟಿತು. ಬಾಗಿಲು ಅದೇ. ಬಣ್ಣ ಅದೇ. ಯಾರೂ ಏನನ್ನೂ ಮೆತ್ತಿಲ್ಲ. ಆದರೂ ಒಂಬತ್ತು ಗುಳಿ ಎಲ್ಲಿ ಹೋದವು? ಇಲ್ಲವೇ ವಯಸ್ಸಾದ ಈ ಇಬ್ಬರೂ ಒಟ್ಟಿಗೆ ತಪ್ಪು ಹೇಳುತ್ತಿದ್ದಾರಾ?

ದೊಡ್ಡಮ್ಮ ಬಯಲಿಗಿಳಿದಳು. ಒಂದೊಂದೇ ಬಾಗಿಲನ್ನು ದಾಟುತ್ತಾ ನಡೆದಳು, ಹಿಂದೆ ಬಂದಳು, ಮತ್ತೆ ದಾಟಿದಳು. ಬಿಸಿಲಿಗೆ ಇವಳಿಗೂ ಏನೋ ಆಯಿತೆಂದು ನಾನು ನೀರಿನ ಬಾಟಲಿ ಹಿಡಿದು ಓಡಿದೆ. ಅವಳು ನನ್ನ ಕಾಲನ್ನೇ ನೋಡುತ್ತಿದ್ದಳು.

"ಹೆಬ್ಬೆರಳಿಗೆ ಏನಾಯ್ತೇ?"

"ಎಡವಿದೆ ದೊಡ್ಡಮ್ಮ. ಆಗ ಬರುವಾಗ."

"ಎಲ್ಲಿ?"

"ಆ ಹಳದಿ ಬಾಗಿಲಲ್ಲಿ. ಹೊಸ್ತಿಲು ಕಾಣಲಿಲ್ಲ."

"ನೀಲಿ ಬಾಗಿಲಲ್ಲಿ ಯಾಕೆ ಎಡವಲಿಲ್ಲ?"

ನಾನು ತಿರುಗಿ ನೀಲಿ ಬಾಗಿಲಿನ ಬುಡ ನೋಡಿದೆ.

"ನಲವತ್ತು ಬಾಗಿಲಲ್ಲಿ ಕಾಲೆತ್ತಿ ದಾಟಿದೆ," ಎಂದಳು ದೊಡ್ಡಮ್ಮ. "ಒಂದರಲ್ಲಿ ಮಾತ್ರ ನೆಟ್ಟಗೆ ನಡೆದುಹೋದೆ. ನಿಮ್ಮಮ್ಮ ಗೇಣು ಹಾಕಿದ್ದು ಹೊಸ್ತಿಲಿಂದ ಅಲ್ಲ, ಹುಲ್ಲಿಂದ. ನಾವೆಲ್ಲ ಇಲ್ಲದ ಗುಳಿ ಹುಡುಕ್ತಿದ್ವಿ. ಇಲ್ಲದ ಹೊಸ್ತಿಲನ್ನ ಯಾರೂ ಕೇಳಲಿಲ್ಲ. ಆ ಬಳೆ ನೋಡು—ಬಾಗಿಲು ತಟ್ಟೋ ಬಳೆ ಎದೆ ಮಟ್ಟಕ್ಕಿರಬೇಕು. ಇದು ಸೊಂಟಕ್ಕಿದೆ. ಬಾಗಿಲನ್ನ ದೂಡು."

ದೂಡಿದೆ. ಅರ್ಧ ತೆರೆದ ಕದ ಕದಲಲಿಲ್ಲ. ಅದರ ಬುಡ ಮಣ್ಣಿನೊಳಗಿತ್ತು.

ದೊಡ್ಡಮ್ಮ ಟೀ ಅಂಗಡಿಗೆ ನಡೆದಳು. ಸೊಸೆ ಆಗಲೇ ಒಲೆ ಆರಿಸಿ ನಿಂತಿದ್ದಳು.

"ಎಷ್ಟು ಆಳ ಇಳಿಸಿದೆಯಮ್ಮ?"

"ಒಂದು ಮೊಳ," ಎಂದಳು ಸೊಸೆ. ದನಿ ಸಣ್ಣಗಾಗಿತ್ತು.

ಮಾವ ಆಸ್ಪತ್ರೆಯಲ್ಲಿದ್ದ ವಾರ ಜೋರು ಗಾಳಿ ಬೀಸಿತ್ತಂತೆ. ಫೋಟೋಗೆಂದು ನೀಲಿ ಬಾಗಿಲಿನ ಬುಡದಲ್ಲಿ ಯಾರೋ ಕೂರಿಸಿದ್ದ ಮಗುವಿನ ಕಡೆ ಚೌಕಟ್ಟು ವಾಲಿತು. ಆ ಮಗುವಿನ ಅಪ್ಪ ಅದನ್ನು ಎಳೆದುಕೊಂಡಿದ್ದರಿಂದ ಕೂದಲೆಳೆಯಲ್ಲಿ ತಪ್ಪಿತು. ಮಾರನೆಯ ದಿನ ಗುಂಡಿ ತೋಡುವವರನ್ನು ಕರೆಸಿ ಅವಳೇ ಅದನ್ನು ಆಳಕ್ಕೆ ಇಳಿಸಿ, ಕಿತ್ತ ಹುಲ್ಲನ್ನು ಮತ್ತೆ ಮೇಲೆ ಹಾಸಿಸಿದ್ದಳು. ಹೊಸ್ತಿಲು ಮಣ್ಣಿಗೆ ಹೋಯಿತೆಂದು ಮಾವನಿಗೆ ಹೇಳಲು ಧೈರ್ಯ ಸಾಲಲಿಲ್ಲ. ಆ ಗುಳಿಗಳ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಇವತ್ತು ಗೊತ್ತಾದಾಗ ಬಾಯಿ ಕಟ್ಟಿಹೋಯಿತು.

ಬಾಗಿಲಜ್ಜ ಎಲ್ಲವನ್ನೂ ಕೇಳಿಸಿಕೊಂಡ. ಬೈಯಲಿಲ್ಲ.

"ಮಗುಗೆ ಏಟಾಯ್ತಾ?" ಎಂದು ಮಾತ್ರ ಕೇಳಿದ.

"ಇಲ್ಲ ಮಾವ."

ಸೊಸೆಯೇ ಸಲಿಕೆ ತಂದಳು. ಅರ್ಧ ಅಗೆದ ಮೇಲೆ ಅಮ್ಮ ಅವಳನ್ನು ತಡೆದು ಕೈಯಿಂದ ಮಣ್ಣು ತೋಡತೊಡಗಿದಳು. ನಾನೂ ಕೂತೆ. ಒದ್ದೆ ಮಣ್ಣು ಮೆತ್ತಿಕೊಂಡ ಮರ ಮೇಲೆ ಬಂತು. ಅಮ್ಮ ತಲೆಯ ಪಿನ್ನು ತೆಗೆದು ಕೆರೆದಳು. ಒಂದು ಗುಳಿ. ಪಕ್ಕದಲ್ಲಿ ಇನ್ನೊಂದು.

ಅವಳು ನನ್ನ ಕೈ ಹಿಡಿದು ಗುಂಡಿಯೊಳಗೆ ಇಳಿಸಿದಳು. ನಾನು ಎಣಿಸಿದೆ. ಒಂಬತ್ತು. ಒಂದೊಂದೂ ಕಿರುಬೆರಳಿನ ತುದಿಯಷ್ಟು.

"ಡಾಕ್ಟರಿಗೆ ಏನು ಹೇಳ್ತೀಯೇ?" ಎಂದಳು ದೊಡ್ಡಮ್ಮ ನನ್ನತ್ತ ನೋಡಿ.

"ಹೋಗೋಣ," ಅಂದಳು ಅಮ್ಮನೇ. "ಗ್ಯಾಸ್ ಮರೆತದ್ದು ನಿಜ. ಇದು ಮಾತ್ರ ಮರೆತಿಲ್ಲ."

ಕಣ್ಣು ಸರಿಹೋಗಲಿ, ಬಾಗಿಲನ್ನು ಮೊದಲಿನ ಹಾಗೆ ಎತ್ತಿ ನಿಲ್ಲಿಸಿಕೊಡುತ್ತೇನೆ ಎಂದು ಬಾಗಿಲಜ್ಜ ಮಂಚದಿಂದ ಕೂಗಿದ. ಅಮ್ಮ ಅಡ್ಡಡ್ಡ ತಲೆಯಾಡಿಸಿದಳು.

"ಬೇಡ ಯಜಮಾನರೇ. ಇನ್ನೊಬ್ಬರ ಮಗು ಮೇಲೆ ಬೀಳೋದು ಬೇಡ. ಎಲ್ಲಿದೆ ಅಂತ ನಂಗೆ ಗೊತ್ತಾಯ್ತಲ್ಲ." ನನ್ನ ಕಡೆ ತಿರುಗಿದಳು. "ಮುಚ್ಚು."

ನಾನು ಮುಚ್ಚತೊಡಗಿದೆ. ಅಮ್ಮ ಹೊಸ್ತಿಲಿನ ಮೇಲಿನ ಹುಲ್ಲಿನಲ್ಲೇ ಕೂತು ಮಾತಿಗೆ ಶುರುಮಾಡಿದಳು. ಚಮಚ ಕಿತ್ತುಕೊಂಡರೆ ಅವನು ಹಣೆಯಿಂದ ಕುಟ್ಟುತ್ತಿದ್ದನಂತೆ. ಅಪ್ಪ ಅವನನ್ನು ಡಂಗುರಪ್ಪ ಎಂದು ಕರೆಯುತ್ತಿದ್ದನಂತೆ. ಅದಕ್ಕೆ ಅವನು ಇದ್ದ ಎರಡೂ ಹಲ್ಲು ತೋರಿಸಿ ನಗುತ್ತಿದ್ದನಂತೆ. ಇಷ್ಟು ವರ್ಷದಲ್ಲಿ ಇದೊಂದನ್ನೂ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮಾತು ಬೇಗ ಮುಗಿಯದಿರಲಿ ಎಂದು ಸಲಿಕೆಯನ್ನು ಪಕ್ಕಕ್ಕಿಟ್ಟು, ಮಣ್ಣನ್ನು ಹಿಡಿ ಹಿಡಿಯಾಗಿ ಹಾಕಿದೆ.