ಮೇಲ್ಕಾಡಿನ ಒಲೆ

ಮೇಲ್ಕಾಡಿನ ದಾರಿಯನ್ನು ಕಡಿದು ತೆರೆಯಬೇಕು, ಡೇರೆ ಹಾಕುವ ಜಾಗ ಗೊತ್ತು ಮಾಡಬೇಕು, ಅಲ್ಲೇ ಒಂದು ಅಡುಗೆ ಮಾಡಿ ಉಂಡು ಕತ್ತಲಾಗುವ ಮುಂಚೆ ಇಳಿಯಬೇಕು. ಅಂದು ಬೆಳಗ್ಗೆ ಕನ್ನಿಯಮ್ಮಾಳ್ ಮಚ್ಚು ಹಿಡಿದು ಹೊರಟದ್ದು ಇಷ್ಟಕ್ಕೇ.

ತೊಂಡಾಮುತ್ತೂರಿನಿಂದ ಪಡುವಣಕ್ಕೆ, ಹೊಲಗಳು ಮುಗಿದು ಬೆಟ್ಟ ಎದ್ದು ನಿಲ್ಲುವ ಕಡೆ ಅವಳ ಮನೆ. ಹಿಂದಿನ ಜೋಳದ ಹೊಲ ದಾಟಿ ಹತ್ತಿದರೆ ಬೆಟ್ಟದ ಹೆಗಲ ಮೇಲೆ ಅಗಲವಾದ ಹುಲ್ಲುಗಾವಲು, ಎಂದೂ ಬತ್ತದ ಒಂದು ನೀರಿನ ಊಟೆ, ಬೇಸಿಗೆಯಲ್ಲಿ ದನ ಕೂಡುವ ಮುಳ್ಳುಬೇಲಿಯ ಪಟ್ಟಿ. ಅದೇ ಮೇಲ್ಕಾಡು. ಗಂಡ ರಂಗಸಾಮಿಯ ತಾತನ ಕಾಲದಿಂದ ಬಂದ ಪಟ್ಟಾ ಜಮೀನು. ರಂಗಸಾಮಿ ತೀರಿಕೊಂಡ ಮೇಲೆ ಅವನ ತಮ್ಮ ಬೆಳ್ಳಿಯಪ್ಪ ದನ ಹೊಡೆದುಕೊಂಡು ಹೋಗಿ ಬರುತ್ತಿದ್ದನೇ ಹೊರತು ಬೇರೆ ಯಾರೂ ಅತ್ತ ಸುಳಿಯುತ್ತಿರಲಿಲ್ಲ. ದನ ಸುತ್ತುಬಳಸಿ ಹತ್ತುವ ಜಾಡು ಬಿಟ್ಟರೆ, ಮನೆಯ ಹಿಂದಿನ ನೇರ ದಾರಿಯನ್ನು ಮುಳ್ಳುಪೊದೆ ನುಂಗಿಬಿಟ್ಟಿತ್ತು.

ಕೇಳಿಕೊಂಡು ಬಂದವನು ಕೋಯಮತ್ತೂರಿನ ದೇವರಾಜನ್. ನೇಯ್ಗೆಯ ಮನೆತನ, ನೂಲಿನ ಅಂಗಡಿ, ಮನೆಮಾತು ಇವರ ಹಾಗೇ ಕನ್ನಡ. ರಜೆ ಸಿಕ್ಕರೆ ಸ್ನೇಹಿತರನ್ನು ಕಟ್ಟಿಕೊಂಡು ಬೆಟ್ಟ ಹತ್ತುವುದು ಅವನ ಹುಚ್ಚು. ಶಿವರಾತ್ರಿಗೆ ವೆಳ್ಳಿಯಂಗಿರಿ ಹತ್ತಿ ಇಳಿದವನು ನೀರು ಕೇಳಲು ಇವರ ಮನೆಗೆ ಬಂದ. ಜಗಲಿಯ ಮೇಲೆ ಕೂತು ಬೆಟ್ಟವನ್ನೇ ನೋಡಿದ.

"ಅಕ್ಕಾ, ನಿಮ್ಮ ಮೇಲ್ಕಾಡನ್ನ ನಮಗೆ ಬಿಟ್ಕೊಡ್ತೀರಾ? ಡೇರೆ ಹಾಕ್ಕೊಂಡು, ಒಲೆ ಹೂಡಿ ನಾವೇ ಬೇಯಿಸ್ಕೊಂಡು ತಿಂತೀವಿ. ಕಸ ಒಂದು ಬಿಡಲ್ಲ. ಮೊದಲನೇ ಎಲೆ ನಿಮಗೇ ಹಾಕ್ತೀವಿ."

ಗಂಡ ಹೋದ ಮೇಲೆ ಊರಿನ ಯಾವ ಮದುವೆಯಲ್ಲೂ ಅವಳಿಗೆ ಮೊದಲ ಪಂಕ್ತಿಯಲ್ಲಿ ಎಲೆ ಬಿದ್ದಿರಲಿಲ್ಲ. ಎಲ್ಲರೂ ಉಂಡೆದ್ದ ಮೇಲೆ ಹಿತ್ತಲ ಬಾಗಿಲಲ್ಲಿ ಕೂತು ಉಂಡು ಬರುತ್ತಿದ್ದಳು. ಅವನ ಮಾತು ಮುಗಿಯುವ ಮುಂಚೆಯೇ ಅವಳು "ಆಗ್ಲಿ ತಂಬಿ" ಅಂದುಬಿಟ್ಟಿದ್ದಳು.

ಬೆಳ್ಳಿಯಪ್ಪ ಒಪ್ಪಲಿಲ್ಲ. "ಮಾಸಿ ತಿಂಗಳ ಬಿಸಿಲು ಅತ್ತಿಗೆ. ಕಾಲಿಟ್ರೆ ಹುಲ್ಲು ಪುಡಿಯಾಗ್ತೈತೆ. ಈಗ ಬೆಂಕೀನಾ? ಒಂದು ಮಳೆ ಬಿದ್ದು ಹೋಗ್ಲಿ."

"ಅಷ್ಟರಾಗೆ ಅವ್ರು ಬೇರೆ ಜಾಗ ನೋಡ್ಕೊಳ್ತಾರೆ."

"ನೋಡ್ಕೊಳ್ಳಲಿ."

"ಜಮೀನು ಯಾರ ಹೆಸರಿನಾಗೈತೆ ಬೆಳ್ಳಿಯಪ್ಪಾ?"

ಬಾಯಿಂದ ಬಿದ್ದ ಮೇಲೆ ಮಾತನ್ನು ಎತ್ತಿಕೊಳ್ಳಲಾಗಲಿಲ್ಲ. ಅಷ್ಟು ವರ್ಷ ಒಂದೇ ಒಲೆಯಲ್ಲಿ ಉಂಡವರು. ಅವನು ಹೆಗಲ ಮೇಲಿನ ಟವೆಲನ್ನು ಕೊಡವಿದ. "ಆಮಾ, ಹೌದು, ನಿನ್ನ ಹೆಸರಿನಾಗೇ ಐತೆ. ಸರಿ, ಒಲೆಗೆ ಜಾಗ ನಾನು ತೋರಿಸ್ತೀನಿ" ಎಂದು ಎದ್ದು ಹೋದ.

ಹಾಗೆ ನಾಲ್ವರು ಹೊರಟರು. ಮುಂದೆ ಬೆಳ್ಳಿಯಪ್ಪ, ಅವನ ಹಿಂದೆ ಕನ್ನಿಯಮ್ಮಾಳ್, ಹೆಗಲಿಗೆ ಹಗ್ಗ ಸುತ್ತಿ ಬೆನ್ನಿಗೆ ದಪ್ಪ ಜಮಖಾನೆ ಕಟ್ಟಿಕೊಂಡ ದೇವರಾಜನ್, ಕೊನೆಗೆ ಅವನ ಗೆಳೆಯ ಗೋವಿಂದಸಾಮಿ. ಗೋವಿಂದಸಾಮಿ ಹೋಟೆಲಿನ ಅಡುಗೆಯವ; ತಲೆಯ ಮೇಲೆ ಪಾತ್ರೆಗಳ ಮೂಟೆ, ಬಾಯಿ ತುಂಬ ಮಾತು.

"ಹೋಟೆಲ್ ಒಲೆ ಮುಂದೆ ಬೆವರಿ ಬೆವರಿ ನಾನೇ ಸಾಂಬಾರಾಗಿಬಿಟ್ಟಿದೀನಿ ಅಮ್ಮಾ. ಇವತ್ತು ಗಾಳಿಯಾಗೆ ನಿಂತು ಅಡುಗೆ ಮಾಡ್ತೀನಿ. ರುಚಿ ನೋಡಿ ನೀವೇ ಹೇಳಿ."

ಕಡಿಯುತ್ತ, ಎಳೆಯುತ್ತ, ಮುಳ್ಳು ಕೀಳುತ್ತ ಹತ್ತಿದರು. ಮೊದಲ ಗುಡ್ಡದಲ್ಲಿ ಎಲೆಯುದುರಿದ ಬೂರುಗದ ಮರಗಳು ಬರಿಯ ಕೆಂಪು ಹೂ ಹೊತ್ತು ನಿಂತಿದ್ದವು. ಮೇಲೇರಿದಂತೆ ಮರಗಳು ವಿರಳವಾಗಿ ಹುಲ್ಲು ಎದೆಮಟ್ಟ ಎದ್ದಿತು. ಹೊಂಬಣ್ಣಕ್ಕೆ ತಿರುಗಿ, ಒಣಗಿ, ಕೈ ತಾಗಿದರೆ ಸಾಕು ಹಾಳೆ ಹರಿದಂತೆ ಸದ್ದು ಮಾಡುತ್ತಿತ್ತು. ಮೇಲ್ಕಾಡಿನ ಅಂಚಿಗೆ ಬಂದು ಹಿಂದಿರುಗಿ ನೋಡಿದರೆ ಕೆಳಗೆ ನೊಯ್ಯಲ್ ಹೊಳೆ ನೀರಿಲ್ಲದೆ ಬರಿಯ ಮರಳಿನ ಗೆರೆಯಾಗಿತ್ತು. ಅದರಾಚೆ ಕೆರೆಗಳು, ತೆಂಗಿನ ಸಾಲುಗಳು, ದೂರದಲ್ಲಿ ಕೋಯಮತ್ತೂರಿನ ಗಿರಣಿಗಳ ಕೊಳವೆಗಳು ಸಣ್ಣಗೆ ಹೊಗೆ ಬಿಡುತ್ತಿದ್ದವು. ಕನ್ನಿಯಮ್ಮಾಳ್ ಸೊಂಟಕ್ಕೆ ಕೈಯಿಟ್ಟು ನಿಂತಳು. ಇಷ್ಟೆಲ್ಲ ಕಾಣುವ ಜಾಗ ತನ್ನದು ಎಂಬುದು ಅವಳಿಗೆ ಮರೆತೇ ಹೋಗಿತ್ತು.

ಗೋವಿಂದಸಾಮಿ ಊಟೆಯ ಪಕ್ಕ ಮೂಟೆ ಇಳಿಸಿದ.

"ಅಲ್ಲಿ ಬ್ಯಾಡ," ಎಂದ ಬೆಳ್ಳಿಯಪ್ಪ. "ಆನೆ ನೀರಿಗೆ ಬರೋ ಜಾಗ. ಆ ಬಂಡೆ ಮೇಲೆ ಹೂಡು. ಸುತ್ತ ಒಂದು ಕಡ್ಡಿ ಹುಲ್ಲಿಲ್ಲ."

ದೇವರಾಜನ್ ಬಂಡೆಯ ಸುತ್ತ ನಡೆದು ನೋಡಿದ. ಬೆರಳು ನೆನೆಸಿ ಎತ್ತಿ ಹಿಡಿದ. ಗಾಳಿ ಇರಲಿಲ್ಲ. "ಇದೇ ಸರಿ" ಎಂದ. ಕನ್ನಿಯಮ್ಮಾಳಿಗೂ ಸರಿ ಅನ್ನಿಸಿತು.

ಮೂರು ಕಲ್ಲಿನ ಒಲೆ ಹೊತ್ತಿತು. ಅನ್ನ ಕುದಿಯಿತು. ಅವರೆಕಾಳಿನ ಹುಳಿಗೆ ಗೋವಿಂದಸಾಮಿ ಸಾಸಿವೆ, ಕರಿಬೇವು ಸಿಡಿಸಿದಾಗ ಎಲ್ಲರಿಗೂ ಹಸಿವು ಕೆರಳಿತು. ದೇವರಾಜನ್ ಬಾಳೆಯೆಲೆ ಹಾಸಿ ನೀರು ಚಿಮುಕಿಸಿದ. "ಕೂತ್ಕೊಳ್ಳಿ ಅಕ್ಕಾ." ಅವಳು ನಾಚಿಕೊಂಡೇ ಕೂತಳು. ಬಿಸಿ ಅನ್ನ ಎಲೆಗೆ ಬಿತ್ತು.

ಆಗ ಗಾಳಿ ಬಂತು.

ಪಾಲಕ್ಕಾಡಿನ ಕಣಿವೆಯಿಂದ, ಬಾಗಿಲು ತಳ್ಳಿಕೊಂಡು ಬಂದಂತೆ ಬಂತು. ಎಲೆ ಹಾರಿತು. ಪಾತ್ರೆ ಉರುಳಿತು. ಒಲೆಯ ಕೆಂಡ ಬಂಡೆಯ ಮೇಲೆ ಕಾಳು ಚೆಲ್ಲಿದಂತೆ ಓಡಿತು.

"ನೀರು!" ಎಂದು ಬೆಳ್ಳಿಯಪ್ಪ ಕೂಗಿದ.

ಗೋವಿಂದಸಾಮಿ ಕೊಡ ಸುರಿದ. ಅರ್ಧ ಕೆಂಡ ಸತ್ತಿತು. ಉಳಿದರ್ಧ ಅಂಚು ದಾಟಿ ಹುಲ್ಲಿಗೆ ಬಿತ್ತು. ಚಟಚಟ ಸದ್ದು. ಬಿಳಿ ಹೊಗೆ. ಕಣ್ಣು ಮಿಟುಕಿಸುವುದರೊಳಗೆ ಹುಲ್ಲು ಆಳೆತ್ತರ ಉರಿಯುತ್ತಿತ್ತು.

ಹಸಿ ಕೊಂಬೆ ಮುರಿದು ಬಡಿದರು. ಒಂದು ಕಡೆ ಆರಿದರೆ ಗಾಳಿ ಇನ್ನೊಂದು ಕಡೆ ಹೊತ್ತಿಸುತ್ತಿತ್ತು. ಬೆಳಗ್ಗೆ ಕಡಿದು ದಾರಿಯ ಪಕ್ಕ ಹಾಕಿದ್ದ ಮುಳ್ಳಿನ ರಾಶಿಗೆ ಕಿಡಿ ಬಿತ್ತು. ಇಳಿಯುವ ದಾರಿಯೇ ಬೆಂಕಿಯಾಯಿತು; ಆಚೆಯ ದನದ ಜಾಡೂ ಹೊಗೆಯಲ್ಲಿ ಮುಳುಗಿತು.

"ಪಟ್ಟಿ!" ಎಂದ ಬೆಳ್ಳಿಯಪ್ಪ. "ನಿನ್ನೆ ಕೂಡಿದ ದನ ಒಳಗೈತೆ!"

"ಬೆಳ್ಳಿಯಪ್ಪಾ, ಬ್ಯಾಡ! ನಿಲ್ಲು!" ಕನ್ನಿಯಮ್ಮಾಳ್ ಕೂಗಿದಳು.

ಅವನು ನಿಲ್ಲಲಿಲ್ಲ. ಹೊಗೆಯೊಳಗೆ ಓಡಿದ.

ದೇವರಾಜನ್ ಜಮಖಾನೆಯನ್ನು ಊಟೆಯಲ್ಲಿ ಅದ್ದಿ ಎಳೆದುಕೊಂಡು ಹಿಂದೆಯೇ ಓಡಿದ. ಕನ್ನಿಯಮ್ಮಾಳ್ ಸೆರಗನ್ನು ಮೂಗಿಗೆ ಸುತ್ತಿ ಅವನ ಹಿಂದೆ ಓಡಿದಳು. ಪಟ್ಟಿಯೊಳಗೆ ದನಗಳು ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದವು. ಬಾಗಿಲಿಗೆ ಅಡ್ಡವಿದ್ದ ಮುಳ್ಳಿನ ಹೊರೆಗೆ ಬೆಂಕಿ ಹತ್ತಿತ್ತು. ಬೆಳ್ಳಿಯಪ್ಪ ಅದನ್ನು ಎರಡೂ ಕೈಯಿಂದ ತಬ್ಬಿ ಎಳೆಯುತ್ತಿದ್ದ. ಎಳೆದ. ಹೊರೆ ಕಿತ್ತು ಬಂತು. ದನಗಳು ಅವನನ್ನು ಕೆಡವಿಕೊಂಡು ಹೊರಗೆ ನುಗ್ಗಿದವು.

ಒದ್ದೆ ಜಮಖಾನೆಯನ್ನು ಅವನ ಮೇಲೆ ಹೊದಿಸಿ ಇಬ್ಬರೂ ಎಳೆದು ತಂದರು. ಅವನ ಬೆಂದ ಕೈಗಳನ್ನು ನೋಡಿದ ಕನ್ನಿಯಮ್ಮಾಳ್ ಮುಖ ತಿರುಗಿಸಿದಳು. ಮತ್ತೆ ನೋಡಿದಳು. ಸೆರಗನ್ನು ಹರಿದು, ಊಟೆಯಲ್ಲಿ ನೆನೆಸಿ, ಎರಡು ಕೈಗೂ ಸಡಿಲವಾಗಿ ಸುತ್ತಿದಳು.

"ಇನ್ನು ಎಲ್ಲಿಗೆ?" ಗೋವಿಂದಸಾಮಿ ಕೆಮ್ಮುತ್ತ ಕೇಳಿದ. ಅವನ ಹುಬ್ಬು ಸುಟ್ಟು ಹೋಗಿತ್ತು.

"ನೀರು ಹೋಗೋ ಕಡೆಗೆ," ಎಂದಳು ಅವಳು. ಊಟೆಯ ನೀರು ಹರಿದು ಬೀಳುವ ಕೊರಕಲಿನಲ್ಲಿ ಮದುವೆಯಾದ ಹೊಸತರಲ್ಲಿ ರಂಗಸಾಮಿಯ ಜೊತೆ ಒಮ್ಮೆ ಇಳಿದಿದ್ದಳು. ಅರ್ಧಕ್ಕೆ ಒಂದು ಕಡಿದಾದ ಬಂಡೆ ಇತ್ತು ಎಂಬುದಷ್ಟೇ ನೆನಪು.

ಬಂಡೆ ನೆನಪಿಗಿಂತ ಎತ್ತರವಾಗಿತ್ತು. ದೇವರಾಜನ್ ಹಗ್ಗವನ್ನು ಮರದ ಬೇರಿಗೆ ಸುತ್ತಿ, ಜಮಖಾನೆಯಲ್ಲಿ ಬೆಳ್ಳಿಯಪ್ಪನನ್ನು ಕಟ್ಟಿದ. "ಅಕ್ಕಾ, ನೀವು ಮೊದಲು ಇಳಿದು ಕೆಳಗೆ ಹಿಡ್ಕೊಳ್ಳಿ. ಗೋವಿಂದಾ, ಹಗ್ಗ ಬಿಡ್ತಾ ಹೋಗು. ನಿಧಾನ." ಅವಳು ಹಗ್ಗ ಹಿಡಿದು ಜಾರಿದಳು; ಮೊಣಕಾಲು ತರಚಿತು. ಮೇಲಿನಿಂದ ಮೈದುನನ ಮೈ ಬಂಡೆಗೆ ತಾಗಿ ತಾಗಿ ಇಳಿದು ಬಂದು ಅವಳ ತೋಳಿಗೆ ಬಿತ್ತು. ಅವನು ಕಣ್ಣು ತೆರೆದು ಅವಳನ್ನು ನೋಡಿ ಮತ್ತೆ ಮುಚ್ಚಿಕೊಂಡ.

ಬಂಡೆಯ ಕೆಳಗೆ ಬಿದಿರು ಸಿಕ್ಕಿತು. ಗಳ ಕಡಿದು ಜಮಖಾನೆ ಕಟ್ಟಿ ಡೋಲಿ ಮಾಡಿದರು. ಮುಂದೆ ದೇವರಾಜನ್, ಹಿಂದೆ ಗೋವಿಂದಸಾಮಿ, ಯಾರ ಕೈ ಸೋತಿತೋ ಅವರ ಬದಲು ಕನ್ನಿಯಮ್ಮಾಳ್. ಮೇಲೆ ಬೆಂಕಿಯ ಮೊರೆತ ಕೇಳುತ್ತಲೇ ಇತ್ತು. ಬೂದಿ ಅವರ ತಲೆಯ ಮೇಲೆ ಬೀಳುತ್ತಿತ್ತು.

ಕೊರಕಲು ತಿರುಗುವ ಕಡೆ ದೇವರಾಜನ್ ಥಟ್ಟನೆ ನಿಂತ.

ಮಡುವಿನಲ್ಲಿ ಆನೆಗಳಿದ್ದವು. ದೊಡ್ಡ ಹೆಣ್ಣಾನೆಗಳು, ಕಾಲ ನಡುವೆ ಮರಿ. ಅವೂ ಹೊಗೆಗೆ ಹೆದರಿ ನೀರಿಗೆ ಇಳಿದಿದ್ದವು. ಒಂದರ ಬೆನ್ನ ಮೇಲೆ ಬೂದಿ ಬೆಳ್ಳಗೆ ಕೂತಿತ್ತು.

ಬಂಡೆಗೆ ಬೆನ್ನು ಒತ್ತಿ ನಿಂತರು. ಡೋಲಿಯನ್ನು ಇಳಿಸಲೂ ಇಲ್ಲ. ಬೆಳ್ಳಿಯಪ್ಪನ ಗಂಟಲಿನಿಂದ ನರಳಿಕೆ ಏರತೊಡಗಿತು. ಕನ್ನಿಯಮ್ಮಾಳ್ ಉಳಿದ ಸೆರಗನ್ನು ಮುದ್ದೆ ಮಾಡಿ ಅವನ ಹಲ್ಲಿನ ನಡುವೆ ಇಟ್ಟಳು. ಅವನು ಕಚ್ಚಿಕೊಂಡ. ಕಣ್ಣಂಚಿನಿಂದ ನೀರು ಹರಿಯಿತು. ಅವಳು ಅವನ ಹಣೆಯ ಮೇಲೆ ಕೈಯಿಟ್ಟು, ತುಟಿ ಅಲುಗದಂತೆ, "ಸುಮ್ನಿರಪ್ಪಾ, ಸುಮ್ನಿರು" ಎಂದು ಒಳಗೊಳಗೇ ಹೇಳಿಕೊಂಡಳು.

ಹಿರಿಯ ಹೆಣ್ಣಾನೆ ತಿರುಗಿತು. ಸೊಂಡಿಲೆತ್ತಿ ಅವರ ಕಡೆಗೆ ಗಾಳಿ ಎಳೆದುಕೊಂಡಿತು. ಗೋವಿಂದಸಾಮಿಯ ಹೆಗಲ ಮೇಲೆ ಬಿದಿರು ಕಿರುಗುಟ್ಟಿತು.

ಆನೆ ನೋಡುತ್ತಲೇ ನಿಂತಿತು. ಹಿಂದೆ ಹೊಗೆ ದಟ್ಟವಾಗುತ್ತಿತ್ತು. ಆಮೇಲೆ ಅದು ಮರಿಯನ್ನು ಸೊಂಡಿಲಿಂದ ಮುಂದಕ್ಕೆ ತಳ್ಳಿ ಕೊರಕಲಿನಲ್ಲಿ ಕೆಳಗಿಳಿಯಿತು. ಉಳಿದವು ಹಿಂಬಾಲಿಸಿದವು. ಬಿದಿರ ಮೆಳೆ ಮುರಿಯುವ ಸದ್ದು ದೂರವಾಗುತ್ತ ಹೋಯಿತು.

"ಅವು ದಾರಿ ಮಾಡಿಕೊಂಡು ಹೋಗ್ತಾವೆ," ಎಂದ ದೇವರಾಜನ್ ಪಿಸುದನಿಯಲ್ಲಿ. "ದೂರ ಬಿಟ್ಟು ಹಿಂದೇನೇ ಹೋಗೋಣ."

ಹಾಗೇ ಹೋದರು. ಹೊತ್ತು ಮುಳುಗುವಾಗ ಜೋಳದ ಹೊಲದ ಅಂಚಿಗೆ ಬಂದು ಬಿದ್ದರು.

ಊರೇ ಅಲ್ಲಿ ನಿಂತಿತ್ತು. ಬೆಟ್ಟದ ಹೆಗಲು ಪೂರ್ತಿ ಕೆಂಪಗೆ ಉರಿಯುತ್ತಿತ್ತು. ಬೆಳ್ಳಿಯಪ್ಪನ ಹೆಂಡತಿ ಸಾಮಿಯಾತಾಳ್ ಓಡಿ ಬಂದು ಡೋಲಿಯ ಮೇಲೆ ಬಗ್ಗಿದಳು, ಕೈಗಳನ್ನು ಕಂಡು ಚೀರಿದಳು. ಕನ್ನಿಯಮ್ಮಾಳ್ ಅವಳ ಭುಜ ಹಿಡಿಯಲು ಹೋದಳು. ಸಾಮಿಯಾತಾಳ್ ಕೈ ಕೊಡವಿದಳು.

"ಮುಟ್ಟಬ್ಯಾಡ. ಮೊದಲ ಪಂಕ್ತಿಯಾಗೆ ಕೂತು ಉಂಡ್ಯಲ್ಲ, ಹೊಟ್ಟೆ ತುಂಬ್ತಾ?"

ತಾನು ಒಂದು ಅಗುಳನ್ನೂ ಉಂಡಿಲ್ಲ ಎಂದು ಹೇಳದೆ ಕನ್ನಿಯಮ್ಮಾಳ್ ಡೋಲಿಯ ಗಳಕ್ಕೆ ಮತ್ತೆ ಹೆಗಲು ಕೊಟ್ಟಳು.

ಗಾಡಿಯಲ್ಲಿ ಕೋಯಮತ್ತೂರಿನ ಆಸ್ಪತ್ರೆಗೆ ಒಯ್ದರು. ಬೆಳ್ಳಿಯಪ್ಪ ಬದುಕಿದ. ದನಗಳಲ್ಲಿ ಹೆಚ್ಚಿನವು ತಾವೇ ಇಳಿದು ಬಂದವು. ಒಂದು ಮುದಿ ಹಸು, ಎರಡು ಕರು ಬರಲಿಲ್ಲ. ಮೇಲ್ಕಾಡು ಕರ್ರಗೆ ಬೋಳಾಯಿತು. ಗಾಯ ಮಾಗಿದಾಗ ಬೆಳ್ಳಿಯಪ್ಪನ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತವು. ಸಾಮಿಯಾತಾಳ್ ಅಂಗಳದಾಚೆ ಬೇರೆ ಒಲೆ ಹೂಡಿದಳು. ಬಾವಿಕಟ್ಟೆಯಲ್ಲಿ ಹೆಂಗಸರು ಕನ್ನಿಯಮ್ಮಾಳ್ ಬಂದರೆ ಮಾತು ನಿಲ್ಲಿಸುತ್ತಿದ್ದರು. ಪಟ್ಟಣದವರ ಜೊತೆ ಕುಣಿಯಲು ಹೋಗಿ ಬೆಟ್ಟ ಸುಟ್ಟವಳು ಎಂದು ಹೆಸರಾಯಿತು. ಅವಳು ಯಾರಿಗೂ ಎದುರಾಡಲಿಲ್ಲ. ಎತ್ತು ಕಟ್ಟಿ ತನ್ನ ಹೊಲದ ಜೊತೆ ಮೈದುನನ ಪಾಲಿನ ಹೊಲವನ್ನೂ ಉತ್ತಳು. ಹೆಂಗಸು ನೇಗಿಲು ಹಿಡಿದಳೆಂದು ಅದಕ್ಕೂ ಜನ ನಕ್ಕರು.

ಆಡಿ ತಿಂಗಳಲ್ಲಿ ಒಳ್ಳೆಯ ಮಳೆಯಾಗಿ ಬೆಟ್ಟ ಹಸಿರಾಯಿತು. ದೇವರಾಜನ್ ಬಂದ. ಅವನು ಆಸ್ಪತ್ರೆಗೂ ಬಂದು ಹೋಗುತ್ತಿದ್ದವನೇ. ಮತ್ತೆ ಮೇಲ್ಕಾಡನ್ನು ಕೇಳಬೇಕೆಂದಿದ್ದವನು ಕೇಳದೆ, ನೀರು ಕುಡಿದು, ತಲೆ ತಗ್ಗಿಸಿಕೊಂಡು ಹೋದ.

ಅವನು ಹೋದ ಮೇಲೆ ಬೆಳ್ಳಿಯಪ್ಪ ಅಂಗಳ ದಾಟಿ ಬಂದು ಅವಳ ಜಗಲಿಯ ತುದಿಯಲ್ಲಿ ಕೂತ. ಅಷ್ಟು ತಿಂಗಳಲ್ಲಿ ಅದೇ ಮೊದಲು.

"ಬಂಡೆ ತೋರ್ಸಿದೋನು ನಾನು," ಎಂದ. "ಊರೆಲ್ಲಾ ನಿನ್ನ ಬೈತೈತೆ. ಒಬ್ರಿಗೂ ಯಾಕೆ ಹೇಳ್ಲಿಲ್ಲ ಅತ್ತಿಗೆ?"

ಅವಳು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. "ಹೇಳಿದ್ರೆ ನಿನ್ನ ಬೆರಳು ನೆಟ್ಟಗಾಗ್ತಿತ್ತಾ?"

"ಇಲ್ಲ. ನಿನ್ನ ಬೈಯ್ಯೋಕೆ ನಂಗೆ ಸುಲಭ ಆಗ್ತಿತ್ತು."

"ಈಗ ಬೈ. ಯಾರು ಬ್ಯಾಡ ಅಂದ್ರು?"

ಅವನು ಬೈಯಲಿಲ್ಲ. ಮಡಚಿದ ಬೆರಳುಗಳನ್ನು ಮೊಣಕಾಲಿಗೆ ಒತ್ತಿ ಬಿಡಿಸಲು ನೋಡಿದ. ಬಿಡಲಿಲ್ಲ. ಬೆಟ್ಟದ ಕಡೆ ತಿರುಗಿದ.

"ಆ ಕೊರಕಲಿನಾಗೆ," ಎಂದ, "ಹಗ್ಗದಾಗೆ ನೇತಾಡ್ಕೊಂಡು ಬರೋವಾಗ, ಕೆಳಗೆ ನಿನ್ನ ಕಂಡೆ. ಬದುಕಿದ್ರೆ ಇವಳ ಮುಖ ನೋಡಬಾರದು ಅಂದ್ಕೊಂಡೆ. ಸತ್ರೆ ಇವಳ ಕೈಯಾಗೇ ಸಾಯಬೇಕು ಅಂತಾನೂ ಅಂದ್ಕೊಂಡೆ."

ಅವನು ಎದ್ದು, ಜಗಲಿ ಇಳಿದು, ತನ್ನ ಮನೆಯ ಕಡೆ ಹೋದ. ತಿರುಗಿ ನೋಡಲಿಲ್ಲ.

ಮರುದಿನ ಅವಳು ಮಚ್ಚು ಮಸೆದು ಒಬ್ಬಳೇ ಬೆಟ್ಟ ಹತ್ತಿದಳು. ಸುಟ್ಟ ಮುಳ್ಳಿನ ಬುಡದಿಂದ ಹೊಸ ಚಿಗುರು ಎದ್ದು ದಾರಿಯನ್ನು ಮತ್ತೆ ಮುಚ್ಚುತ್ತಿತ್ತು. ಮಧ್ಯಾಹ್ನದವರೆಗೆ ಕಡಿದಳು. ಅಂದು ಹೋದದ್ದು ನಾಲ್ವರು, ಬದುಕಿ ಬಂದದ್ದೂ ನಾಲ್ವರು. ಅದನ್ನು ಬೇರೆ ಯಾರೂ ಅವಳಿಗೆ ಹೇಳಿರಲಿಲ್ಲ, ಹೇಳುವವರೂ ಇರಲಿಲ್ಲ. ತಾನೇ ಒಮ್ಮೆ ಗಟ್ಟಿಯಾಗಿ ಹೇಳಿಕೊಂಡಳು. ಬೆವರು ಒರೆಸಿಕೊಂಡು ಮುಂದಿನ ಪೊದೆಗೆ ಮಚ್ಚು ಬೀಸಿದಳು.