ಹುರಿದ ಅವರೆ

"ಎಲ್ಲಿ ಬೇಕಾದ್ರೂ ಅಗೀರಿ, ಆ ಕರಿಬೇವಿನ ಬುಡ ಮಾತ್ರ ಮುಟ್ಟಬ್ಯಾಡ್ರಿ," ಎಂದಳು ಕೊಟ್ರಮ್ಮ.

ವಿಶಾಲಾಕ್ಷಿ ಸಲಿಕೆಯ ಹಿಡಿಗೆ ಕೈಯೂರಿ ನಕ್ಕಳು. ಕರಿಬೇವು ಎಂದೋ ಒಣಗಿತ್ತು. ತೊಗಟೆ ಸುಲಿದ ಬೊಡ್ಡೆಯೊಂದು ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ನಿಂತಿತ್ತು. ಇಡೀ ಹಿತ್ತಲಲ್ಲಿ ಮಣ್ಣು ಮೆತ್ತಗಿದ್ದದ್ದು ಅಲ್ಲೊಂದೇ ಕಡೆ.

"ಯಾಕ್ರೀ, ನಿಧಿ ಐತಾ?"

"ನನ್ನ ಬಸಿರೈತೆ," ಎಂದಳು ಕೊಟ್ರಮ್ಮ, ಮೊರದ ಕಾಳಿನಿಂದ ಕಣ್ಣೆತ್ತದೆ.

ಅವಳ ಗಂಡ, ಮೇಷ್ಟ್ರು ಮಹೇಶ್ವರಪ್ಪನಿಗೆ ಜಗಳೂರಿನ ಹೈಸ್ಕೂಲಿಗೆ ವರ್ಗವಾಗಿ ಗಂಡ ಹೆಂಡತಿ ಆ ಮನೆಗೆ ಬಂದದ್ದು ಎಪ್ಪತ್ತೆಂಟರ ದೀಪಾವಳಿ ಕಳೆದ ಮೇಲೆ. ಒಂದೇ ಮನೆಯನ್ನು ನಡುವೆ ಗೋಡೆಯೆತ್ತಿ ಎರಡು ಮಾಡಿದ್ದರು. ಆಚೆ ಭಾಗದಲ್ಲಿ ಮನೆಯೊಡೆಯ ಬೆನಕಪ್ಪ, ಅವನ ಹೆಂಡತಿ ಕೊಟ್ರಮ್ಮ. ನಲವತ್ತರ ಹತ್ತಿರದ ಹೆಂಗಸು, ಮಕ್ಕಳಿಲ್ಲ. ಅವಳು ಆ ದಿನ ಕಾಳು ಕೇರುತ್ತಲೇ ಹೇಳಿದ ಕತೆ ಇಷ್ಟು. ಮದುವೆಯಾಗಿ ಬಂದ ವರ್ಷ ವಾರಗಿತ್ತಿ ಅವಳ ಮೇಲೆ ಮಾಟ ಮಾಡಿಸಿದಳು. ಕುಡಿಕೆಯಲ್ಲಿ ಹುರಿದ ಕಾಳು ತುಂಬಿ, ಈ ಕಾಳು ಮೊಳೆಯುವ ತನಕ ಇವಳ ಹೊಟ್ಟೆ ಮೊಳೆಯದಿರಲಿ ಎಂದು ಹೂಳಿಸಿದಳು. ತೆಗೆಸಲು ಕರೆಸಿದ್ದವನು ಮಣ್ಣು ಮೂಸಿ ನೋಡಿ, ಎತ್ತಿದವರ ಮೈಗೆ ಅದು ಹತ್ತುತ್ತದೆಂದು ಹೇಳಿ ಹೋದ.

"ನನ್ನ ಹೆಸರಿಗೆ ಇಟ್ಟಿದ್ದು, ನನ್ನ ಹತ್ರಾನೇ ಇರ್ಲಿ ಅಂತ ಸುಮ್ನಾದೆ. ನೀವು ಬಸುರಿ. ಆ ಕಡೆ ಹೋಗಬ್ಯಾಡ್ರಿ."

ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ವಿಶಾಲಾಕ್ಷಿ, ಹುರಿದ ಕಾಳು ಮಣ್ಣಲ್ಲಿ ಕೊಳೆತು ಯಾವ ಕಾಲವಾಯಿತೋ ಎಂದಳು. ಕೊಟ್ರಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು.

ವಿಶಾಲಾಕ್ಷಿಗೆ ಹಿಂದೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಈ ಸಲ ಐದು ತಿಂಗಳು ತುಂಬುತ್ತಿತ್ತು. ಕೆಲಸಕ್ಕೆ ಅರ್ಜಿ ಹಾಕುವುದು ಬೇಡ, ಬಸ್ಸು ಹತ್ತುವುದು ಬೇಡ, ತವರಿಗೂ ಬೇಡ ಎಂದು ಗಂಡ ಒಂದೊಂದೇ ಬಾಗಿಲು ಮುಚ್ಚಿದ್ದ. ಉಳಿದದ್ದು ಹಿತ್ತಲು. ಅದೂ ಅವಳ ಮಾತು ಕೇಳುತ್ತಿರಲಿಲ್ಲ. ಮೆಂತೆ ಹಾಕಿದರೆ ಇರುವೆಗಳು ಹೊತ್ತೊಯ್ದವು. ಕೊತ್ತಂಬರಿ ಹಾಕಿದರೆ ಮಣ್ಣು ಹೆಂಚಿನಂತೆ ಬಿರಿಯಿತು. ದಂಟಿನ ಬೀಜವನ್ನು ಬಯಲುಗಾಳಿ ಗುಡಿಸಿಕೊಂಡು ಹೋಯಿತು. ಬಾವಿಯಿಂದ ಕೊಡ ಹೊತ್ತು ತಂದರೆ ಗಂಡ ಬೈಯುತ್ತಿದ್ದ, ತರದಿದ್ದರೆ ಪಾತಿ ಬಾಯಿ ಬಿಡುತ್ತಿತ್ತು. ಬೆಳಿಗ್ಗೆಯ ಚಳಿ, ಮಧ್ಯಾಹ್ನದ ಧೂಳು, ಯಾರದೋ ಒಲೆಯ ಶೇಂಗಾ ಹೊಟ್ಟಿನ ಹೊಗೆ. ಮಾಗಿ ಮುಗಿಯುತ್ತಿಲ್ಲ, ಚಿಗುರುಗಾಲ ಬರುತ್ತಿಲ್ಲ. ಒಂದು ಎಲೆ, ಒಂದೇ ಒಂದು ಹಸಿರೆಲೆ ತನ್ನ ಕೈಯಿಂದ ಮೇಲೆದ್ದರೆ ಈ ಮಗುವೂ ಉಳಿಯುತ್ತದೆ ಎಂಬ ಹುಚ್ಚು ಲೆಕ್ಕ ಅವಳೊಳಗೆ ಕೂತಿತ್ತು. ಮಾಟವನ್ನು ನಂಬದವಳು ಇದನ್ನು ನಂಬಿದ್ದಳು.

ಸಂಕ್ರಾಂತಿಯ ಮರುದಿನ ಕೊಟ್ರಮ್ಮ ಸಂತೆಗೆ ಹೋದಾಗ ವಿಶಾಲಾಕ್ಷಿ ಕರಿಬೇವಿನ ಬುಡಕ್ಕೆ ಸಲಿಕೆ ಹಾಕಿದಳು.

ಮಣ್ಣು ಬೆಣ್ಣೆಯಂತೆ ಬಂತು. ಮೊಣಕೈಯಾಳದಲ್ಲಿ ಕುಡಿಕೆಯ ಕಂಠ ತಗುಲಿತು. ಬಾಯಿಗೆ ಸಗಣಿ ಮೆತ್ತಿತ್ತು. ಒಡೆದು ನೋಡಿದರೆ ಬೂದಿ, ಬೂದಿಯೊಳಗೆ ಅವರೆ ಬೀಜ. ಅವಳಿಗೆ ಗಟ್ಟಿಯಾಗಿ ನಗು ಬಂತು. ಅವಳ ತಾಯಿ ಪ್ರತಿ ಸುಗ್ಗಿಯಲ್ಲೂ ಬೀಜದ ಅವರೆಯನ್ನು ಹೀಗೇ ಬೂದಿ ಬೆರೆಸಿ, ಗಡಿಗೆಗೆ ತುಂಬಿ, ಹುಳ ಬೀಳದಂತೆ ಸಗಣಿ ಮೆತ್ತಿ ಇಡುತ್ತಿದ್ದಳು. ಹಳೆಯ ಕಾಲದ ಯಾವಳೋ ಗೃಹಿಣಿ ಬಚ್ಚಿಟ್ಟು ಮರೆತ ಬೀಜದ ಗಡಿಗೆಗೆ ಹೆದರಿ ಒಬ್ಬ ಹೆಂಗಸು ಜೀವಮಾನವೆಲ್ಲ ಬಂಜೆಯಾಗಿ ಕೂತಿದ್ದಾಳೆ. ಬೀಜದ ಗಡಿಗೆಯನ್ನು ಅಟ್ಟದ ಮೇಲಿಡುತ್ತಾರೆ, ನೆಲದೊಳಗಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಬೀಜದ ಮೇಲಿನ ಕಪ್ಪು ಚುಕ್ಕೆಗಳನ್ನು ಬೂದಿಯ ಕಲೆ ಎಂದುಕೊಂಡಳು. ಅಲ್ಲೇ ಪಾತಿ ಮಾಡಿ ಊರಿದಳು. ಬಚ್ಚಲ ನೀರು ತಿರುಗಿಸಿದಳು.

ಆ ವಾರವೇ ಅವು ಎದ್ದವು.

ಒಂದೂ ಹುಸಿಯಾಗಲಿಲ್ಲ. ಕತ್ತು ಬಗ್ಗಿಸಿಕೊಂಡು ಮಣ್ಣು ಸೀಳಿ, ಸಾಲಾಗಿ ತಲೆಯೆತ್ತಿ ನಿಂತವು. ವಿಶಾಲಾಕ್ಷಿ ಮೊಣಕಾಲೂರಿ ಕೂತು ಅತ್ತಳು. ಅಷ್ಟು ಖುಷಿಯಾಗಿತ್ತು. ಗಂಡನನ್ನು ಕರೆದು ತೋರಿಸಿದಳು. ಅವನು ಮೂಗು ಮುಚ್ಚಿ, ಇಲ್ಲಿ ಏನೋ ಸೀದ ವಾಸನೆ ಎಂದ. ಹೌದು, ಅವರೆಯ ಸೊಗಡಿರಲಿಲ್ಲ. ಎಲೆ ಹೊಸಕಿದರೆ ಬಾಣಲೆಯಲ್ಲಿ ಕಾಳು ಹುರಿದ ವಾಸನೆ.

ಕೊಟ್ರಮ್ಮ ಹಿತ್ತಲನ್ನು ಎರಡು ಮಾಡಿದ್ದ ಮೋಟುಗೋಡೆಯಾಚೆಯಿಂದ ಬಳ್ಳಿಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಎಂಥ ಕೆಲಸ ಮಾಡಿದ್ರಿ," ಎಂದಳು ಮೆಲ್ಲಗೆ. "ನಿಮ್ಮ ಮಗಾ ಮಿಸುಕತೈತಾ?"

"ಯಾಕೆ ಮಿಸುಕಬಾರದು?"

ಹಾಗೆಂದು ಒಳಗೆ ಬಂದ ಮೇಲೆ ವಿಶಾಲಾಕ್ಷಿ ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ನಿನ್ನೆ ಮಿಸುಕಿತ್ತೇ? ಮೊನ್ನೆ? ಮೊಳಕೆಯ ಸಂಭ್ರಮದಲ್ಲಿ ಅವಳು ಗಮನಿಸಿರಲಿಲ್ಲ. ಆಸ್ಪತ್ರೆಯ ನರ್ಸಮ್ಮ ಕೊಳವೆಯೊತ್ತಿ ಆಲಿಸಿ, ಮಗು ಆ ಕಡೆ ತಿರುಗಿರಬೇಕು, ಸರಿಯಾಗಿ ಕೇಳುತ್ತಿಲ್ಲ, ದಾವಣಗೆರೆಗೆ ಹೋಗಿ ತೋರಿಸಿ ಎಂದಳು. ಮಹೇಶ್ವರಪ್ಪ ಬಸ್ಸಿನ ಕುಲುಕಾಟಕ್ಕೆ ಹೆದರಿ ನಾಳೆ ನಾಳೆ ಎಂದ. ಬಳ್ಳಿಗಳು ಬೊಡ್ಡೆಗೆ ಸುತ್ತಿಕೊಂಡು ಮೇಲೇರಿದವು. ಹೊಟ್ಟೆ ಕಲ್ಲಿನಂತೆ ಸುಮ್ಮನಿತ್ತು.

ಶಿವರಾತ್ರಿಯ ಹೊತ್ತಿಗೆ ಗೋಡೆಯಾಚೆ ವಾಂತಿಯ ಸದ್ದು ಕೇಳತೊಡಗಿತು. ಬೆನಕಪ್ಪ ನಾಚುತ್ತ ಹುಣಸೆಕಾಯಿ ಹುಡುಕಿಕೊಂಡು ತಿರುಗುತ್ತಿದ್ದ. ಕೊಟ್ರಮ್ಮನಿಗೆ ಮುಟ್ಟು ನಿಂತಿತ್ತು. ಓಣಿಯ ಹೆಂಗಸರು ಈ ವಯಸ್ಸಿನಲ್ಲಿ ಬೆನಕಪ್ಪನಿಗೆ ಯಾವ ಲೇಹ್ಯ ಸಿಕ್ಕಿತೋ ಎಂದು ನಕ್ಕರು.

ಒಂದು ಮಧ್ಯಾಹ್ನ ವಿಶಾಲಾಕ್ಷಿ ಹಿತ್ತಲಿಗೆ ಬಂದಳು. ಉರಿಬಿಸಿಲು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಸೀದ ವಾಸನೆ ಗಂಟಲು ಹಿಡಿಯುತ್ತಿತ್ತು. ಅವಳು ಒಂದು ಬಳ್ಳಿಯ ಬುಡ ಹಿಡಿದು ಕಿತ್ತಳು.

ಹೊಟ್ಟೆಯೊಳಗೆ ಮಿಸುಕಿತು.

ಗೋಡೆಯಾಚೆ ಚೊಂಬು ಬಿತ್ತು. "ಅವ್ವಾ" ಎಂದು ಒಂದು ನರಳಿಕೆ.

ವಿಶಾಲಾಕ್ಷಿಯ ಕೈ ತಡೆಯಿತು. ಕಾಕತಾಳೀಯ. ಪ್ರಯೋಗ ಎಂದರೆ ಮತ್ತೊಮ್ಮೆ ಮಾಡಿ ನೋಡಬೇಕು. ಎರಡನೆಯದನ್ನು ಕಿತ್ತಳು. ಒಳಗಿನಿಂದ ಒದೆ. ಆಚೆಯಿಂದ ಚೀತ್ಕಾರ.

ಈಗ ಅವಳಿಗೆ ಗೊತ್ತಿತ್ತು. ಅನುಮಾನಕ್ಕೆ ಒಂದು ಕೂದಲೆಳೆಯಷ್ಟೂ ಜಾಗ ಉಳಿದಿರಲಿಲ್ಲ. ಆಚೆ ಕೊಟ್ರಮ್ಮ ಗೋಡೆಗೆ ಕೈಯೂರಿ ಎದ್ದು ನಿಲ್ಲಲು ಹೆಣಗುತ್ತಿದ್ದಳು. ಅವಳ ಬಳೆಗಳು ಗೋಡೆಗೆ ಉಜ್ಜುವ ಸದ್ದು ಕೇಳಿತು.

"ಬ್ಯಾಡ್ರಿ," ಎಂದಳು. "ಬ್ಯಾಡ್ರಿ ಮೇಷ್ಟ್ರಮ್ಮಾ. ನಿಮ್ಮದು ಹೋಗೈತೆ. ನಂದಾದ್ರೂ ಬಿಡ್ರಿ."

ವಿಶಾಲಾಕ್ಷಿ ಕಿತ್ತಳು. ಎರಡು ಕೈಯಲ್ಲೂ ಕಿತ್ತಳು. ಬೇರುಗಳು ಬೆಚ್ಚಗಿದ್ದವು. ಕೈಗೆ ಸುತ್ತಿಕೊಂಡವು. ಹರಿದಳು. ಎಳೆದಳು. ಉಗುರು ಸೀಳಿತು. ಒಂದೊಂದಕ್ಕೂ ಒಳಗೆ ಒಂದು ಒದೆ. ಒಂದೊಂದಕ್ಕೂ ಆಚೆ ಒಂದು ಕೂಗು. ಕೂಗು ಸಣ್ಣದಾಯಿತು. ಅವಳು ನಿಲ್ಲಿಸಲಿಲ್ಲ. ಕೊನೆಯದು ಬರಲಿಲ್ಲ. ಹಲ್ಲು ಕಚ್ಚಿ ಜಗ್ಗಿದಳು. ಬಂತು. ಆಚೆ ಸದ್ದು ನಿಂತಿತು.

ಹೊಟ್ಟೆಯೊಳಗೆ ಮಗು ಮೀನಿನಂತೆ ಹೊರಳುತ್ತಿತ್ತು. ಅವಳು ಬರಿಯ ಪಾತಿಯ ಮೇಲೆ ಕುಸಿದು ನಗುತ್ತಿದ್ದಳು.

ಕೊಟ್ರಮ್ಮ ಹಾಸಿಗೆ ಹಿಡಿದಳು. ಹೊಟ್ಟೆ ಇಳಿದುಹೋಯಿತಂತೆ ಎಂದು ಮಹೇಶ್ವರಪ್ಪ ದನಿ ತಗ್ಗಿಸಿ ಹೇಳಿದ. ವಿಶಾಲಾಕ್ಷಿ ಅನ್ನ ಕಲೆಸುತ್ತ ಅಯ್ಯೋ ಪಾಪ ಎಂದಳು. ಬೇರೆ ಮನೆ ನೋಡೋಣ ಎಂದು ಅವಳೇ ಗಂಡನಿಗೆ ದುಂಬಾಲು ಬಿದ್ದಳು. ಮನೆ ಸಿಗಲಿಲ್ಲ. ಊರ ಬೇವಿನ ಮರಗಳು ತಾಮ್ರದ ಬಣ್ಣದ ಚಿಗುರು ಬಿಟ್ಟವು.

ಯುಗಾದಿಯ ಹಿಂದಿನ ದಿನ ಬಾಗಿಲಲ್ಲಿ ಕೊಟ್ರಮ್ಮ ನಿಂತಿದ್ದಳು. ಸೊರಗಿ ಕಡ್ಡಿಯಾಗಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಒಳಗೆ ಬಂದು, ಗೋಡೆಗೊರಗಿದ್ದ ವಿಶಾಲಾಕ್ಷಿಯ ಎದುರು ಕುಕ್ಕರುಗಾಲಲ್ಲಿ ಕೂತು, ಕೇಳದೆಯೇ ಅವಳ ಹೊಟ್ಟೆಯ ಮೇಲೆ ಅಂಗೈಯಿಟ್ಟಳು. ಅಂಗೈ ತಣ್ಣಗಿತ್ತು. ಒಳಗಿನಿಂದ ಒದೆ ನೇರ ಅಲ್ಲಿಗೇ ಬಂತು.

"ಗುರುತು ಹಿಡೀತು," ಎಂದಳು ಕೊಟ್ರಮ್ಮ.

"ಕೈ ತೆಗೀರಿ."

"ನಿಮ್ಮದು ಮೊಳಕೆ ಎದ್ದಾಗ್ಲೇ ಹೋಗಿತ್ತು ಕಣ್ರೀ. ನೀವು ಕಿತ್ತಿದ್ದು ನಂದನ್ನ. ಅದು ಎಲ್ಲಿಗೆ ಹೋಗಬೇಕು ಹೇಳ್ರಿ? ಖಾಲಿ ಇದ್ದ ಕಡೆ ಬಂತು." ಅವಳು ಮೊದಲ ಸಲ ನಕ್ಕಳು. "ಚೆನ್ನಾಗಿ ಉಣ್ರಿ. ಬಾಣಂತನ ನಾನೇ ಮಾಡ್ತೀನಿ."

ವಿಶಾಲಾಕ್ಷಿ ಅವಳ ಕೈ ಕಿತ್ತೆಸೆದು ತನ್ನ ಎರಡೂ ಕೈಗಳಿಂದ ಹೊಟ್ಟೆಯನ್ನು ಅಪ್ಪಿಕೊಂಡಳು. ಒಳಗೆ ಎಲ್ಲ ಸ್ತಬ್ಧವಾಯಿತು. ಕಾದಳು. ಕಲ್ಲು.

ಕೊಟ್ರಮ್ಮ ಮತ್ತೆ ಅಂಗೈ ಚಾಚಿದಳು. ಮುಟ್ಟಲಿಲ್ಲ, ಒಂದು ಗೇಣು ದೂರದಲ್ಲೇ ಹಿಡಿದು, ಮೆಲ್ಲಗೆ ಎಡಕ್ಕೆ ಸರಿಸಿದಳು. ವಿಶಾಲಾಕ್ಷಿಯ ಕೈಗಳ ಕೆಳಗೆ, ಚರ್ಮವನ್ನು ಉಬ್ಬಿಸಿಕೊಂಡು, ಒಂದು ಪುಟ್ಟ ಹಿಮ್ಮಡಿ ಎಡಕ್ಕೆ ಸರಿಯಿತು.